ಪುಟ್ಟ ಟ್ರಾವೆಲ್ ಟ್ರೇಲರ್‌ಗೆ ಮೊದಲು ಏನು ಕೊಳ್ಳಬೇಕು? ಇಲ್ಲಿದೆ ಮಾಹಿತಿ

ಅಮೆರಿಕದಲ್ಲಿ ಕಾರಿನ ಹಿಂದೆ ಪುಟ್ಟ ಟ್ರೇಲರ್ ಕಟ್ಟಿಕೊಂಡು ಊರು ಸುತ್ತಲು ಹೊರಟವರ ಕಣ್ಣು ಮೊದಲು ಹೋಗುವುದು ಮಡಚುವ ಕುರ್ಚಿ, ಬಣ್ಣದ ದೀಪಗಳ ಮೇಲೆ. ಆದರೆ ಮೊದಲ ಖರ್ಚು ಕಾರ್ಬನ್ ಮಾನಾಕ್ಸೈಡ್ ಅಲಾರಂಗೆ ಇರಲಿ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿ ಮುಚ್ಚಿ ಗ್ಯಾಸ್ ಒಲೆಯಲ್ಲಿ ಚಳಿ ಕಾಯಿಸಿಕೊಂಡರೆ ನಿದ್ದೆಯಲ್ಲೇ ಪ್ರಾಣ ಹೋದೀತು. ಹಳೆಯ ಟ್ರೇಲರ್ ಕೊಂಡಿದ್ದರೆ ಅಲಾರಂ ಹಿಂಬದಿಯ ದಿನಾಂಕ ನೋಡಿ, ಸೆನ್ಸರ್‌ಗೂ ಆಯುಷ್ಯವಿದೆ.

ನಂತರ ಟಂಗ್ ವೇಟ್ ಸ್ಕೇಲ್. ಟ್ರೇಲರ್‌ನ ಒಟ್ಟು ತೂಕದ ಶೇ. 10ರಿಂದ 15ರಷ್ಟು ಕಾರಿನ ಕೊಕ್ಕೆಯ ಮೇಲೆ ಬೀಳಬೇಕು. ಅಂದರೆ 1,000 ಕೆ.ಜಿ.ಗೆ 100ರಿಂದ 150 ಕೆ.ಜಿ. ಸಾಮಾನೆಲ್ಲ ಹಿಂಭಾಗದಲ್ಲಿ ತುಂಬಿದರೆ ಹೆದ್ದಾರಿಯಲ್ಲಿ ಟ್ರೇಲರ್ ಹಾವಿನಂತೆ ಓಲಾಡಿ ಕಾರನ್ನೂ ಎಳೆದಾಡುತ್ತದೆ.

ವ್ಹೀಲ್ ಚಾಕ್ ಅಗ್ಗದ್ದೇ. ಆದರೆ ಕೊಕ್ಕೆ ಬಿಚ್ಚುವ ಮೊದಲೇ ಅದನ್ನು ಚಕ್ರಕ್ಕೆ ಕೊಡಬೇಕು, ಆಮೇಲಲ್ಲ.