ನಿಂತ ಕಾರಿನ ನಾಡಿಪರೀಕ್ಷೆ

ವಿಜಯಪುರದಿಂದ ತಿಕೋಟಾಕ್ಕೆ ಹೊರಟ ಕಾರೊಂದು ಬೇಸಿಗೆಯ ನಡುಹಗಲಿನಲ್ಲಿ ಮುಗ್ಗರಿಸಿ ನಿಂತಿತೆನ್ನಿ. ಟ್ಯಾಂಕಿನಲ್ಲಿ ಪೆಟ್ರೋಲಿದೆ; ಅದು ಎಂಜಿನ್ನನ್ನು ತಲುಪುತ್ತಿದೆಯೇ? ಪಂಪೇ ಕೆಟ್ಟಿತೆಂದು ಆತುರಪಡಬಾರದು.

ಇಂದಿನ ಕಾರುಗಳಲ್ಲಿ ವಿದ್ಯುತ್ ಪಂಪು ಸಾಮಾನ್ಯವಾಗಿ ಟ್ಯಾಂಕಿನೊಳಗೇ ಇರುತ್ತದೆ. ಕೀಲಿ ತಿರುಗಿಸಿದೊಡನೆ ಅದರ ಮೆಲುದನಿ ಒಂದೆರಡು ಸೆಕೆಂಡು ಕೇಳಿಸುವುದುಂಟು. ಕೇಳಿಸದಿದ್ದರೆ ಮೊದಲು ಫ್ಯೂಸ್, ರಿಲೇ, ತಂತಿಗಳನ್ನು ಪರೀಕ್ಷಿಸಬೇಕು. ದನಿಯಿದ್ದೂ ಎಂಜಿನ್ ಏರಿನಲ್ಲಿ ಬಸವಳಿದರೆ ಫಿಲ್ಟರು ಕಟ್ಟಿರಬಹುದು, ಇಲ್ಲವೆ ಪಂಪು ದುರ್ಬಲವಾಗಿರಬಹುದು. ಒತ್ತಡಮಾಪಕದಿಂದ ಅಳೆದು ನಿರ್ಣಯಿಸಬೇಕು.

ಅಂಬಾಸಡರ್‌ನಂತಹ ಹಳೆಯ ಕಾರುಗಳಲ್ಲಿ 40 ಡಿಗ್ರಿ ದಾಟಿದ ಬಿಸಿಲಿಗೆ ಪೆಟ್ರೋಲು ನಳಿಗೆಯಲ್ಲೇ ಆವಿಯಾಗಿ ಹರಿವು ತಡೆಯುವುದುಂಟು. ನೆರಳಿನಲ್ಲಿ ತಣಿದರೆ ಅವು ಮತ್ತೆ ಹೊರಡುತ್ತವೆ.

ಪೆಟ್ರೋಲಿನ ವಾಸನೆ ಬಂದರೆ ಮಾತ್ರ ಎಂಜಿನ್ ನಿಲ್ಲಿಸಿ, ಎಲ್ಲರೂ ದೂರ ಸರಿಯಬೇಕು. ಸೋರುವ ನಳಿಗೆಯ ಬಳಿ ಒಂದು ಕಿಡಿ ಬಿದ್ದರೂ ಕಾರಿನೊಡನೆ ಜೀವಗಳೂ ಹೋಗಬಹುದು.