ಮೊಡವೆಯ ಕುಳಿಗೆ ಬೆಳಕಿನ ಚಿಕಿತ್ಸೆ

ಕೊಪ್ಪಳ ಸೀಮೆಯ ಹಿರಿಯರಿಗೆ ಮುಖದ ಕುಳಿಯೆಂದರೆ ಸಿಡುಬಿನ ನೆನಪು. ಆ ರೋಗವು ಭಾರತದಿಂದ ತೊಲಗಿತೆಂದು 1977ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ದೃಢಪಡಿಸಿತು. ಇಂದಿನ ಹರೆಯದವರನ್ನು ಕಾಡುವುದು ಮೊಡವೆಯ ಕುಳಿ. ಅದು ಪ್ರಾಣ ತೆಗೆಯದು. ಆದರೆ ಮನಸ್ಸನ್ನು ಹಿಂಡುತ್ತದೆ. ಹೆಣ್ಣು ನೋಡಲು ಬಂದವರ ದೃಷ್ಟಿ ಮೊದಲು ಬೀಳುವುದು ಅಲ್ಲಿಯೇ.

ಮೊಡವೆಯು ಆಳದಲ್ಲಿ ಉರಿತು ಕೀವಾದಾಗ ಚರ್ಮಕ್ಕೆ ಆಧಾರವಾದ ಕೊಲಾಜೆನ್ ಎಂಬ ನಾರು ನಾಶವಾಗುತ್ತದೆ. ಗಾಯ ಮಾಯ್ದರೂ ತಗ್ಗು ಉಳಿಯುತ್ತದೆ. ಯಾವ ಲೇಪವೂ ಅದನ್ನು ತುಂಬಲಾರದು.

1960ರಲ್ಲಿ ಅಮೆರಿಕದ ಥಿಯೋಡರ್ ಮೈಮನ್ ಮೊದಲ ಲೇಸರನ್ನು ಬೆಳಗಿಸಿದರು. ಮಹಾರಾಷ್ಟ್ರದ ಬಾರಾಮತಿಯಲ್ಲಿ ಜನಿಸಿದ ಕುಮಾರ್ ಪಟೇಲರು 1964ರಲ್ಲಿ ಅಮೆರಿಕದಲ್ಲಿಯೇ ಇಂಗಾಲದ ಡೈಆಕ್ಸೈಡಿನ ಲೇಸರನ್ನು ನಿರ್ಮಿಸಿದರು. ಅದರ ಕಿರಣವನ್ನು ಚರ್ಮದೊಳಗಿನ ನೀರು ಹೀರಿಕೊಂಡು ಕ್ಷಣದಲ್ಲಿ ಆವಿಯಾಗುತ್ತದೆ. ಕಿರಣವನ್ನು ಸೂಕ್ಷ್ಮ ಚುಕ್ಕೆಗಳಾಗಿ ಹಾಯಿಸುವ ವಿಧಾನ 2004ರಲ್ಲಿ ಪ್ರಕಟವಾಯಿತು. ಮುಂದೆ ಅದು ಈ ಲೇಸರಿಗೂ ಅಳವಟ್ಟಿತು. ಚುಕ್ಕೆಗಳ ನಡುವೆ ಸುಡದೆ ಉಳಿದ ಚರ್ಮವು ಗಾಯವನ್ನು ಬೇಗ ಮಾಯಿಸುತ್ತದೆ. ಒಳಗೆ ಹೊಸ ಕೊಲಾಜೆನ್ ತಿಂಗಳುಗಟ್ಟಲೆ ಬೆಳೆಯುತ್ತದೆ.

ಆದರೆ ನಮ್ಮವರ ಚರ್ಮದಲ್ಲಿ ವರ್ಣದ್ರವ್ಯ ಹೆಚ್ಚು. ಶಾಖ ತುಸು ಮೀರಿದರೂ ಕುಳಿಯಿದ್ದ ಕಡೆ ಕಪ್ಪು ಮೂಡಿ ತಿಂಗಳುಗಳ ಕಾಲ ನಿಲ್ಲಬಹುದು. ಬಿಸಿಲು ತಾಗಿದರೆ ಅದು ಮತ್ತಷ್ಟು ಗಾಢವಾಗುತ್ತದೆ. ಗಂಗಾವತಿಯ ಗದ್ದೆಬಯಲಾಗಲಿ, ಕುಷ್ಟಗಿ ಯಲಬುರ್ಗಾಗಳ ಬೆದ್ದಲು ಹೊಲವಾಗಲಿ, ಬೇಸಗೆಯ ಬಿಸಿಲಿಗೆ ಮರೆ ಕಡಮೆ. ವೈಶಾಖದ ಮದುವೆಗೆಂದು ಚೈತ್ರದಲ್ಲಿ ಲೇಸರ್ ಮಾಡಿಸುವುದು ಹೀಗಾಗಿ ಅವಿವೇಕ. ದೀಪಾವಳಿಯ ತರುವಾಯ ಆರಂಭಿಸುವುದು ಮೇಲು. ಒಂದೇ ಸಲಕ್ಕೆ ಮುಗಿಯುವ ಕೆಲಸವೂ ಇದಲ್ಲ. ಸಾಮಾನ್ಯವಾಗಿ ತಿಂಗಳಿಗೂ ಮಿಕ್ಕ ಅಂತರದಲ್ಲಿ ಹಲವು ಸಲ ಮಾಡಿಸಬೇಕಾಗುತ್ತದೆ.

ಹೊಸ ಮೊಡವೆ ಏಳುತ್ತಿರುವಾಗ ಮೊದಲು ಅದಕ್ಕೇ ಔಷಧ ಬೇಕು. ಬೆಳ್ಳಗಾಗುವ ಆಸೆಯಿಂದ ಔಷಧಿ ಅಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಕ್ರೀಮು ತಾನೇ ಮೊಡವೆಯನ್ನು ಎಬ್ಬಿಸಬಲ್ಲದು. 2018ರಲ್ಲಿ ಸರ್ಕಾರವು ಅಂಥ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಔಷಧಗಳ ಪಟ್ಟಿಗೆ ಸೇರಿಸಿತು.

ಮಗಳನ್ನು ಕರೆದೊಯ್ಯುವ ತಾಯ್ತಂದೆಗಳು ಯಂತ್ರ ಹಿಡಿಯುವವರು ಚರ್ಮವೈದ್ಯರೇ, ಎಷ್ಟು ಸಲ ಬರಬೇಕು, ಒಟ್ಟು ವೆಚ್ಚವೆಷ್ಟು ಎಂಬುದನ್ನು ಮೊದಲೇ ಕೇಳಿ ತಿಳಿಯಬೇಕು. ಕುಳಿ ಪೂರ್ಣವಾಗಿ ಅಳಿಯುವುದೆಂದು ಭರವಸೆ ಕೊಡುವವರನ್ನು ನಂಬಬಾರದು. ಬಲ್ಲವರ ಕೈಯಲ್ಲಿ ಅದು ಸಾಕಷ್ಟು ತಗ್ಗುತ್ತದೆ. ಹಲವರಿಗೆ ಅಷ್ಟೇ ದೊಡ್ಡ ನೆಮ್ಮದಿ.