ಖಾಲಿ ಮಾತ್ರೆಯ ಪಾಲು

"ನಮ್ಮಪ್ಪನ ಮೇಲೆ ಪ್ರಯೋಗ ಮಾಡ್ತೀರಾ ಸಿಸ್ಟರ್?"

ಬೆಂಗಳೂರಿನ ಆಸ್ಪತ್ರೆಯೊಂದರ ಹೃದ್ರೋಗ ವಿಭಾಗದಲ್ಲಿ ನಾನು ಸಂಶೋಧನಾ ನರ್ಸ್. ಹೊಸ ಔಷಧದ ಅಧ್ಯಯನಕ್ಕೆ ಸೇರಬಹುದಾದ ರೋಗಿಗಳಿಗೆ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳುವುದು ನನ್ನ ಕೆಲಸ. "ಎಕೋದಲ್ಲಿ ಪಂಪಿಂಗ್ ಮೂವತ್ತೇ ಇದೆಯಂತೆ" ಎಂದು ಫೈಲು ಹಿಡಿದು ಬರುವ ಮಕ್ಕಳಿಗೆ ಆ ಪತ್ರದ ಒಂದು ಸಾಲು ಸಿಟ್ಟು ತರಿಸುತ್ತದೆ: ಅರ್ಧದಷ್ಟು ಜನರಿಗೆ ಕೊಡುವುದು ಔಷಧವೇ ಇಲ್ಲದ, ನೋಡಲು ಮಾತ್ರ ಹಾಗೇ ಇರುವ ಮಾತ್ರೆ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ತೀರ್ಮಾನಿಸುತ್ತದೆ. ವೈದ್ಯರಿಗೂ ಗೊತ್ತಿರುವುದಿಲ್ಲ. ಕಾಯಿಲೆಯವರಿಗೆ ಖಾಲಿ ಮಾತ್ರೆ ಕೊಡುವುದು ಅನ್ಯಾಯವಲ್ಲವೇ ಎಂದು ಅವರು ಕೇಳುತ್ತಾರೆ.

ಕೇಳಲೇಬೇಕಾದ ಪ್ರಶ್ನೆ ಅದು. ಅದಕ್ಕೆ ನಾನು ಅಮೆರಿಕದ 'ಕಾಸ್ಟ್' ಅಧ್ಯಯನದ ಕಥೆ ಹೇಳುತ್ತೇನೆ.

ಹೃದಯಾಘಾತದಿಂದ ಚೇತರಿಸಿಕೊಂಡ ಕೆಲವರ ಇ.ಸಿ.ಜಿ.ಯಲ್ಲಿ ನಡುನಡುವೆ ಲಯ ತಪ್ಪಿದ ಬಡಿತಗಳು ಕಾಣುತ್ತವೆ. ಅಂಥವರಲ್ಲಿ ಹಠಾತ್ ಸಾವು ಹೆಚ್ಚೆಂದು ವೈದ್ಯರಿಗೆ ತಿಳಿದಿತ್ತು. ಹಾಗಾದರೆ ಆ ಬಡಿತಗಳನ್ನು ಅಡಗಿಸಿಬಿಟ್ಟರೆ ಸಾವೂ ತಪ್ಪಬೇಕಲ್ಲ? ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಮಾತ್ರೆಗಳು ಅವನ್ನು ಚೆನ್ನಾಗಿಯೇ ಅಡಗಿಸುತ್ತಿದ್ದವು. 1980ರ ದಶಕದಲ್ಲಿ ವೈದ್ಯರು ಇಂಥ ಮಾತ್ರೆಗಳನ್ನು ಧಾರಾಳವಾಗಿ ಬರೆಯುತ್ತಿದ್ದರು. ಇಷ್ಟು ಸ್ಪಷ್ಟವಾಗಿರುವಾಗ ಅರ್ಧ ಜನರಿಗೆ ಖಾಲಿ ಮಾತ್ರೆ ಕೊಟ್ಟು ನೋಡುವುದೇ ತಪ್ಪೆಂದು ವಾದಿಸಿದವರೂ ಇದ್ದರು.

ಆದರೂ ಅಧ್ಯಯನ ನಡೆಯಿತು. ಮೊದಲು ಎಲ್ಲರಿಗೂ ಔಷಧ ಕೊಟ್ಟು, ಯಾರ ಬಡಿತ ಅದರಿಂದ ಹತೋಟಿಗೆ ಬಂತೋ ಅವರನ್ನಷ್ಟೇ ಮುಂದಕ್ಕೆ ಆರಿಸಿಕೊಂಡರು. ಈ ಎರಡು ಮಾತ್ರೆಗಳಲ್ಲಿ ಒಂದನ್ನು ಪಡೆದವರು 755, ಖಾಲಿ ಮಾತ್ರೆ ಪಡೆದವರು 743. ಸರಾಸರಿ ಹತ್ತು ತಿಂಗಳಲ್ಲಿ ಔಷಧದ ಗುಂಪಿನಲ್ಲಿ 63 ಜನ ತೀರಿಕೊಂಡಿದ್ದರು, ಖಾಲಿ ಮಾತ್ರೆಯ ಗುಂಪಿನಲ್ಲಿ 26. ಲೆಕ್ಕದ ಮೇಲೆ ಕಣ್ಣಿಟ್ಟಿದ್ದ ಸ್ವತಂತ್ರ ಸಮಿತಿಯ ಸಲಹೆಯಂತೆ 1989ರ ಏಪ್ರಿಲ್‌ನಲ್ಲಿ ಆ ಎರಡೂ ಮಾತ್ರೆಗಳನ್ನು ಅಧ್ಯಯನದಿಂದ ಕೈಬಿಟ್ಟರು.

ಈ ಅಂಕಿಗಳನ್ನು ಹೇಳುವಾಗ ಇವತ್ತಿಗೂ ನನಗೆ ಸಂಕಟವಾಗುತ್ತದೆ. ಇ.ಸಿ.ಜಿ. ನೋಡಿ ಸಮಾಧಾನಪಟ್ಟುಕೊಂಡ ವೈದ್ಯರಲ್ಲಿ ಯಾರೂ ಕೆಟ್ಟವರಲ್ಲ. ತಮ್ಮ ರೋಗಿ ಸತ್ತಾಗ ಅವರು ಕಾಯಿಲೆಯೇ ಕಾರಣವೆಂದುಕೊಂಡಿರುತ್ತಾರೆ, ಏಕೆಂದರೆ ಹೃದಯಾಘಾತವಾದವರು ಸಾಯುವುದುಂಟು. ಮಾತ್ರೆಯೇ ಕೊಂದಿತೆಂದು ಒಬ್ಬೊಬ್ಬ ರೋಗಿಯನ್ನು ನೋಡುತ್ತ ಕೂತ ವೈದ್ಯರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಖಾಲಿ ಮಾತ್ರೆ ನುಂಗಿದ ಆ 743 ಜನ ಎದುರಿಗಿದ್ದದ್ದರಿಂದ ತಿಳಿಯಿತು.

ಹಾಗೆಂದು ಈಗಿನ ಅಧ್ಯಯನದಲ್ಲಿ ಇರುವ ಚಿಕಿತ್ಸೆಯನ್ನು ಕಿತ್ತುಕೊಳ್ಳುವುದಿಲ್ಲ. ಹೃದಯ ವೈಫಲ್ಯದ ನಾಲ್ಕು ಸಾವಿರದ ಏಳುನೂರಕ್ಕೂ ಹೆಚ್ಚು ರೋಗಿಗಳಲ್ಲಿ ಡಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದಾಗಲೂ, ಎರಡೂ ಗುಂಪಿನವರಿಗೆ ಎಂದಿನ ಔಷಧಗಳು ನಡೆದೇ ಇದ್ದವು. ಸೇರುವ ಮುನ್ನ ಈ ಪ್ರಶ್ನೆಗಳನ್ನು ಧೈರ್ಯವಾಗಿ ಕೇಳಿ: ಈಗಿನ ಮಾತ್ರೆ ಮುಂದುವರಿಯುತ್ತದೆಯೇ? ತೊಂದರೆಯಾದರೆ ಖರ್ಚು ಯಾರದು? ನಡುವೆ ಬಿಟ್ಟುಹೋಗಬಹುದೇ? ಹೋಗಬಹುದು, ಕಾರಣವನ್ನೂ ಹೇಳಬೇಕಿಲ್ಲ. ಓದು ಬಾರದವರಾದರೆ ಅಧ್ಯಯನಕ್ಕೆ ಸಂಬಂಧಪಡದ ಒಬ್ಬ ಸಾಕ್ಷಿ ಪಕ್ಕದಲ್ಲಿರದೆ ಹೆಬ್ಬೆಟ್ಟು ಹಾಕಿಸಿಕೊಳ್ಳುವಂತಿಲ್ಲ.

ಊಹೆ ತಲೆಕೆಳಗಾಗಿ ಒಳ್ಳೆಯದಾದದ್ದೂ ಇದೆ. ಪಂಪಿಂಗ್ ಕಡಿಮೆಯಾದ ಹೃದಯಕ್ಕೆ ಬೀಟಾ ಬ್ಲಾಕರ್ ಕೊಡಲೇಬಾರದೆಂದು ಬಹುಕಾಲ ಪಾಠ ಹೇಳುತ್ತಿದ್ದರು. ಮೊದಲೇ ಸೋತ ಹೃದಯದ ಬಡಿತವನ್ನು ಇನ್ನೂ ತಗ್ಗಿಸುವ ಮಾತ್ರೆಯದು. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಫಿನ್ ವಾಗ್‌ಸ್ಟೈನ್ ಮತ್ತು ಸಂಗಡಿಗರು ಕೇವಲ ಏಳು ರೋಗಿಗಳಿಗೆ ಅದನ್ನು ಕೊಟ್ಟು, ಅವರು ಸುಧಾರಿಸಿದ್ದನ್ನು 1975ರಲ್ಲಿ ವರದಿ ಮಾಡಿದರು. ನಂಬಿದವರು ಕಡಿಮೆ. 1999ರಲ್ಲಿ ಬಂದ 'ಸಿಬಿಸ್-2' ಅಧ್ಯಯನದಲ್ಲಿ 2,647 ರೋಗಿಗಳಿದ್ದರು. ಖಾಲಿ ಮಾತ್ರೆಯವರಲ್ಲಿ 228 ಸಾವು, ಬಿಸೊಪ್ರೊಲಾಲ್ ಎಂಬ ಬೀಟಾ ಬ್ಲಾಕರ್ ತೆಗೆದುಕೊಂಡವರಲ್ಲಿ 156. ಸೋತ ಹೃದಯವನ್ನು ಅಡ್ರಿನಲಿನ್ ಜಾತಿಯ ಹಾರ್ಮೋನುಗಳು ಹಗಲುರಾತ್ರಿ ದುಡಿಸಿ ಇನ್ನಷ್ಟು ಹಾಳುಮಾಡುತ್ತವೆ, ಈ ಮಾತ್ರೆ ಅದಕ್ಕೆ ತಡೆ ಹಾಕುತ್ತದೆ.

ಇದನ್ನು ಮನೆಯವರಿಗೆ ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಬಿಸೊಪ್ರೊಲಾಲನ್ನು 1.25 ಮಿಲಿಗ್ರಾಂನಿಂದ ಶುರುಮಾಡಿ ನಿಧಾನವಾಗಿ ಏರಿಸುತ್ತಾರೆ. ಮೊದಮೊದಲು ಸುಸ್ತು, ತಲೆಸುತ್ತು ಆಗಬಹುದು. "ಮಾತ್ರೆ ಆಗಿಬರಲಿಲ್ಲ" ಎಂದು ಎಷ್ಟೋ ಜನ ತಾವೇ ನಿಲ್ಲಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಿ. ಮೂರು ದಿನದಲ್ಲಿ ಎರಡು ಕಿಲೊ ಏರಿದರೆ, ಕಾಲು ಊದಿದರೆ, ಮಲಗಿದಾಗ ಉಸಿರು ಕಟ್ಟಿದರೆ ಅದೇ ದಿನ ವೈದ್ಯರಿಗೆ ತಿಳಿಸಿ. ಪ್ರಮಾಣ ಇಳಿಸಬೇಕೋ, ನೀರಿನಂಶ ಹೊರಹಾಕುವ ಮಾತ್ರೆ ಹೆಚ್ಚಿಸಬೇಕೋ ಅವರು ನೋಡುತ್ತಾರೆ.